ಅಡುಗೆಮನೆಯ ತೂಬು

ನಮ್ಮ ಮನೆಯ ಅಡುಗೆಮನೆಗೆ ಯಜಮಾನಿ ನಾನು ಅಂತ ಯಾರಾದರೂ ನಿಮಗೆ ಹೇಳಿದ್ದರೆ ದಯವಿಟ್ಟು ನಂಬಬೇಡಿ. ಅಲ್ಲಿ ಯಜಮಾನಿಕೆ ನಡೆಸುವುದು ಸೋಪಿನ ಡಬ್ಬಿಯಷ್ಟಿರುವ ಒಂದು ಜೇಬು ರೇಡಿಯೋ, ಮತ್ತು ಅದನ್ನು ಕಿವಿಗೆ ಹಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿರುವ ನಮ್ಮ ದೊಡ್ಡಮಾವ. ಚಟ್ನಿ ಯಾವಾಗ ರುಬ್ಬಬೇಕು, ಕುಕ್ಕರ್ ಎಷ್ಟು ಹೊತ್ತಿಗೆ ಕೂಗಬೇಕು, ದೀಪ ಉರಿಯಬೇಕೋ ಬೇಡವೋ, ಇವೆಲ್ಲ ಅವರಿಬ್ಬರ ತೀರ್ಮಾನ. ನಾನು? ನಾನು ಒಗ್ಗರಣೆ ಹಾಕುವವಳು, ಅದೂ ಸದ್ದಿಲ್ಲದೆ! ಸಾಸಿವೆ ಚಟಪಟ ಅಂದಿದ್ದಕ್ಕೂ ಅವರು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದ್ದುಂಟು. ಸಾಸಿವೆಗೆ ನಾನು ಏನಂತ ಬುದ್ಧಿ ಹೇಳಲಿ, ನೀವೇ ಹೇಳಿ?

ದೊಡ್ಡಮಾವ ಅಂದರೆ ನನ್ನ ಯಜಮಾನರ ದೊಡ್ಡಪ್ಪ. ಕೆಲಸದಲ್ಲಿದ್ದಷ್ಟು ಕಾಲ ನೀರುಗಂಟಿ ಆಗಿದ್ದವರು. ನಮ್ಮ ಮಂಡ್ಯದ ಕಡೆ ಸೌಡಿ ಅನ್ನುತ್ತೇವೆ. ನಾಲೆಯ ತೂಬು ತೆಗೆದು, ಮುಚ್ಚಿ, ಸರದಿಯ ಪ್ರಕಾರ ಗದ್ದೆಗದ್ದೆಗೆ ನೀರು ಹಂಚುವ ಕೆಲಸ. ಮದುವೆ ಆಗಲಿಲ್ಲ. ಯಾಕೆ ಮಾವ ಅಂತ ಕೇಳಿದರೆ, "ಟೇಮೆಲ್ಲಿತ್ತವ್ವ? ನಾಲೇಲಿ ನೀರು ಬುಟ್ಟಿದ್ರು" ಅನ್ನುತ್ತಾರೆ. ಹೆಣ್ಣು ನೋಡಲು ಹೋಗುವಷ್ಟು ಹೊತ್ತೂ ನೀರು ನಿಲ್ಲಲಿಲ್ಲವಾ ಅಂತ ನಾನು ಕೇಳಲು ಹೋಗಿಲ್ಲ. ಚಿಕ್ಕರಸಿನಕೆರೆ ಹತ್ತಿರದ ಊರಿನಲ್ಲಿ ಅವರಿದ್ದ ಹಳೆಯ ಕೋಣೆಯ ಗೋಡೆ ಮೂರು ವರ್ಷದ ಹಿಂದೆ ಮಳೆಗೆ ಕುಸಿದಾಗ, ನನ್ನ ಯಜಮಾನರು ಹೋಗಿ ಅವರನ್ನು ಮದ್ದೂರಿನ ನಮ್ಮ ಮನೆಗೆ ಕರೆದುಕೊಂಡು ಬಂದರು. ಬಂದಾಗ ಒಂದು ಟ್ರಂಕು, ಒಂದು ಕಂಬಳಿ, ಮೇಲು ಜೇಬಿನಲ್ಲಿ ಆ ರೇಡಿಯೋ. ಟ್ರಂಕೂ ಕಂಬಳಿಯೂ ಇವತ್ತಿನವರೆಗೆ ನನಗೆ ಯಾವ ತೊಂದರೆಯನ್ನೂ ಕೊಟ್ಟಿಲ್ಲ. ಪಾಪ, ಅವುಗಳ ಮೇಲೆ ದೂರಿಲ್ಲ.

ಅವರಿಗೆ ಆ ರೇಡಿಯೋದಲ್ಲಿ ಹಾಡು ಬೇಡ, ನಾಟಕ ಬೇಡ, ಕ್ರಿಕೆಟ್ ಬೇಡ. ಬೇಕಾಗಿರುವುದು ಒಂದೇ ಒಂದು ಮಾತು. ಬೆಳಿಗ್ಗೆ ಏಳಕ್ಕೆ ಮುಂಚಿನ ವಾರ್ತೆಯ ಕೊನೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಹೇಳುತ್ತಾರಲ್ಲ, ಇಷ್ಟು ಅಡಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ, ಅದು. ಅದು ಕಿವಿಗೆ ಬೀಳದೆ ಅವರು ಬಾಯಿಗೆ ಒಂದು ತುತ್ತು ಹಾಕುವುದಿಲ್ಲ. "ಕಟ್ಟೇಲಿ ಎಷ್ಟದೆ ಅಂತ ಗೊತ್ತಿಲ್ದೆ ಅನ್ನ ಹೆಂಗವ್ವ ಇಳೀತದೆ?" ಎಂದು ನನ್ನನ್ನೇ ಕೇಳುತ್ತಾರೆ. ನನಗೆ ಚೆನ್ನಾಗಿಯೇ ಇಳಿಯುತ್ತದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕಾಗುತ್ತದೆಯೇ?

ಬಂದ ಮಾರನೆಯ ದಿನವೇ ಮನೆಯ ಸರ್ವೆ ಶುರುವಾಯಿತು. ನಮ್ಮದು ಆರ್‌ಸಿಸಿ ಮನೆ. ತಾರಸಿಯ ತುಂಬ ಕಬ್ಬಿಣ. ಹಜಾರದಲ್ಲಿ ಹಿಡಿದರೆ ಗೊರಗೊರ. ರೂಮಿನಲ್ಲಿ ಹಿಡಿದರೆ ಬರೀ ಗುಂಯ್. ದೇವರ ಮನೆಯಲ್ಲಿ ಒಂದು ಕ್ಷಣ ಯಾವುದೋ ಹೆಂಗಸಿನ ದನಿ ಬಂದು, ದೇವರೇ ಮಾತಾಡಿತೇನೋ ಅನ್ನುವಷ್ಟರಲ್ಲಿ ಹೊರಟುಹೋಯಿತು. ದೊಡ್ಡಮಾವ ಆಂಟೆನಾ ಕಡ್ಡಿ ಎಳೆದುಕೊಂಡು, ಚಾಕ್‌ಪೀಸಿನಲ್ಲಿ ನೆಲದ ಮೇಲೆ ಗುರುತು ಹಾಕುತ್ತಾ ಮೂಲೆಮೂಲೆಗೂ ಹೋದರು. ಟೈಲ್ಸಿನ ಮೇಲೆ ಅಲ್ಲಲ್ಲಿ ಗುಣಾಕಾರದ ಚಿಹ್ನೆ! ಮನೆಗೆ ಬಂದವರೆಲ್ಲ ಅವನ್ನು ದಾಟಿಕೊಂಡು ನಡೆಯುತ್ತಿದ್ದರು, ಯಾರೋ ಮಾಟ ಮಾಡಿಸಿದ್ದಾರೆ ಅಂದುಕೊಂಡು. ಕೊನೆಗೆ ನಾನು ದೋಸೆ ಹುಯ್ಯುತ್ತಿದ್ದಾಗ ನನ್ನ ಬೆನ್ನ ಹಿಂದೆಯೇ ಒಬ್ಬ ಗಂಡಸು ಸ್ಪಷ್ಟವಾಗಿ "ವಾರ್ತೆಗಳು" ಅಂದ. ದೋಸೆ ಅರ್ಧ ಹೆಂಚಿಗೆ, ಅರ್ಧ ಒಲೆಗೆ.

"ಸಿಕ್ತು ಕಣವ್ವ!" ಅಂದರು ದೊಡ್ಡಮಾವ. ಒಲೆಯ ಪಕ್ಕದ ಕಿಟಕಿಯನ್ನು ತೋರಿಸಿ, "ಇದೇ ನಿಮ್ಮನೆ ತೂಬು" ಎಂದರು.

ಅವತ್ತು ನನಗೆ ಅವರ ರೇಡಿಯೋ ಶಾಸ್ತ್ರದ ಪರಿಚಯವಾಯಿತು. ಮೈಸೂರಿನಿಂದ ಸ್ಟೇಷನ್ನಿನವರು ಬಿಡುತ್ತಾರೆ, ಅದು ಹರಿದುಕೊಂಡು ಬರುತ್ತದೆ, ದಾರಿಯಲ್ಲಿರುವವರು ಹಿಡಿದುಕೊಳ್ಳುತ್ತಾರೆ. ಅಷ್ಟೇ. ನಾಲೆಗೂ ಇದಕ್ಕೂ ಅವರಿಗೆ ಯಾವ ವ್ಯತ್ಯಾಸವೂ ಇಲ್ಲ.

"ಸೀರಂಗಪಟ್ಣದೋರು ಇಡ್ಕತಾರೆ. ಮಂಡ್ಯದೋರು ಇಡ್ಕತಾರೆ. ಅನಕೆರೆಯೋರು ಸುಮ್ನಿರ್ತಾರಾ? ಅವ್ರೂ ಇಡ್ಕತಾರೆ. ಮದ್ದೂರ್ಗೆ ಬರೋ ಹೊತ್ಗೆ ಏನುಳ್ದದು ಹೇಳು? ನಾವು ಕೊನೆ ಭಾಗದೋರು ಕಣವ್ವ."

ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ನನ್ನ ಮಗಳು, ಬೇರೆಯವರು ರೇಡಿಯೋ ಕೇಳಿದ ಮಾತ್ರಕ್ಕೆ ತರಂಗ ಖರ್ಚಾಗುವುದಿಲ್ಲ ತಾತ, ಅದು ನೀರಲ್ಲ ಎಂದು ಅರ್ಧ ಗಂಟೆ ಪಾಠ ಮಾಡಿದಳು. ದೊಡ್ಡಮಾವ ತಾಳ್ಮೆಯಿಂದ ಕೇಳಿದರು. ಆಮೇಲೆ ಅವಳ ತಲೆ ಸವರಿ, "ನೀನು ಪುಸ್ತಕ್ದಲ್ಲಿ ಓದಿದೀಯೆ ಮಗ. ನಾನು ನಾಲೇಲಿ ನೋಡಿವ್ನಿ" ಎಂದರು. ಪಾಠ ಮುಗಿಯಿತು.

ಆ ದಿನದಿಂದ ಅಡುಗೆಮನೆಯ ಕಿಟಕಿಗೆ ಬಾಗಿಲಿದ್ದೂ ಇಲ್ಲವಾಯಿತು. ತೂಬು ಮುಚ್ಚುವಂತಿಲ್ಲ. ಧೂಳು ಬರಲಿ, ಸೊಳ್ಳೆ ಬರಲಿ, ಪಕ್ಕದ ಮನೆಯ ಬೆಕ್ಕು ಬಂದು ಹಾಲಿನ ಕೆನೆ ನೆಕ್ಕಲಿ, ತೆಗೆದೇ ಇರಬೇಕು. ಆರೂಮುಕ್ಕಾಲಿನಿಂದ ಏಳರವರೆಗೆ ಮಿಕ್ಸಿ ನಿಷಿದ್ಧ, ಯಾಕೆಂದರೆ ಅದು ತಿರುಗಿದರೆ ರೇಡಿಯೋ ಜೋರಾಗಿ ಗೊರಕೆ ಹೊಡೆಯುತ್ತದೆ. ಎಲ್‌ಇಡಿ ಬಲ್ಬೂ ನಿಷಿದ್ಧ, ಅದು ಹತ್ತಿದರೆ ಕೀರಲು. ಧನುರ್ಮಾಸದ ಕತ್ತಲಲ್ಲಿ ನಾನು ಕೈಯಲ್ಲಿ ತಡಕಿ ಸಾರಿಗೆ ಉಪ್ಪು ಹಾಕಿದ್ದೇನೆ. ಒಂದು ದಿನ ಹಾಕಿದ್ದು ಅಡುಗೆ ಸೋಡಾ ಅಂತ ಯಜಮಾನರು ಊಟಕ್ಕೆ ಕೂತ ಮೇಲೆಯೇ ಗೊತ್ತಾಗಿದ್ದು. ಎಂಟು ಗಂಟೆಯ ರೈಲು ಹಿಡಿದು ಮಂಡ್ಯದ ಕಚೇರಿಗೆ ಗುಮಾಸ್ತೆ ಕೆಲಸಕ್ಕೆ ಓಡುವವಳು ನಾನು. ನನ್ನ ಬೆಳಗಿನ ಒಂದೊಂದು ನಿಮಿಷಕ್ಕೂ ಲೆಕ್ಕವಿದೆ. ಅದರಲ್ಲಿ ಹದಿನೈದು ನಿಮಿಷವನ್ನು ಕನ್ನಂಬಾಡಿಗೆ ಕೊಟ್ಟುಬಿಟ್ಟರೆ ನಾನು ಬದುಕುವುದು ಹೇಗೆ ಸ್ವಾಮಿ?

ನನ್ನ ಯಜಮಾನರಿಗೆ ಇದರ ಬಿಸಿ ತಟ್ಟಿದ್ದು ಬೇರೆ ಥರ. ಅವರು ಕರೆಂಟು ಆಫೀಸಿನಲ್ಲಿ ಲೈನ್‌ಮನ್. ಒಂದು ದಿನ ದೊಡ್ಡಮಾವ ಅವರನ್ನು ಪಕ್ಕಕ್ಕೆ ಕರೆದು, "ಲೇ, ದಿನಾ ಒಂದತ್ತು ನಿಮಿಸ ನಮ್ಮ ಬೀದಿ ಕರೆಂಟು ತೆಗೀಲಾ. ಯಾರ್ಗೂ ಗೊತ್ತಾಗಲ್ಲ" ಎಂದರು.

"ಇಡೀ ಬೀದಿಗೆ ಗೊತ್ತಾಗುತ್ತೆ ದೊಡ್ಡಪ್ಪ! ಕೆಲಸ ಹೋಗುತ್ತೆ ನಂದು!"

"ನೀರು ಕಟ್ಟೋವಾಗ ನಾನು ಯಾರ್ನ ಕೇಳ್ತಿದ್ದೆ ಅಂದ್ಕಂಡೆ? ಎದೆಗಾರಿಕೆ ಇಲ್ಲ ಕಣ್ಲಾ ನಿಂಗೆ."

ಆದರೆ ತಾನಾಗಿಯೇ ಕರೆಂಟು ಹೋದ ದಿನ ನೋಡಬೇಕು ಅವರ ಮುಖವನ್ನು! ಇಡೀ ಬೀದಿ ಕರೆಂಟು ಆಫೀಸಿಗೆ ಶಾಪ ಹಾಕುತ್ತಿದ್ದರೆ, ಇವರ ರೇಡಿಯೋದಲ್ಲಿ ಸ್ಟೇಷನ್ನು ಗಂಟೆ ಹೊಡೆದ ಹಾಗೆ ಕೇಳುತ್ತಿರುತ್ತದೆ. ಸಂಜೆ ಯಜಮಾನರು ಬೈಸಿಕೊಂಡು ಬೈಸಿಕೊಂಡು ಸುಸ್ತಾಗಿ ಮನೆಗೆ ಬಂದರೆ, "ಇವತ್ತು ಒಳ್ಳೆ ಕೆಲ್ಸ ಮಾಡ್ದೆ ಕಣ್ಲಾ ಮಗ" ಎಂದು ಬೆನ್ನು ತಟ್ಟುತ್ತಾರೆ. ಕರೆಂಟು ಹೋಗಿದ್ದಕ್ಕೆ ಶಹಬ್ಬಾಸ್‌ಗಿರಿ ಪಡೆದ ಲೈನ್‌ಮನ್ ಇನ್ನೊಬ್ಬ ಇರಲಿಕ್ಕಿಲ್ಲ.

ಇನ್ನು ಕುಕ್ಕರಿನ ಕಥೆ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ತಲೆನೋವು ಬರುತ್ತದೆ. ಅವತ್ತು ಆಷಾಢದ ಮಳೆ ಚೆನ್ನಾಗಿ ಹಿಡಿದಿತ್ತು, ಕಟ್ಟೆಗೆ ನೀರು ಏರುತ್ತಿತ್ತು. ರೇಡಿಯೋದವರು ಎಲ್ಲ ಹೇಳಿ, ಕೊನೆಗೆ "ಜಲಾಶಯದ ನೀರಿನ ಮಟ್ಟ ನೂರಾ..." ಅನ್ನುವುದಕ್ಕೂ, ನನ್ನ ಬೇಳೆ ಕುಕ್ಕರು ಊರಿಗೆಲ್ಲ ಕೇಳುವ ಹಾಗೆ ಕೂಗುವುದಕ್ಕೂ ಸರಿಹೋಯಿತು. ಕೂಗು ನಿಂತಾಗ ರೇಡಿಯೋದಲ್ಲಿ ಹವಾಮಾನ ವರದಿ.

ದೊಡ್ಡಮಾವ ರೇಡಿಯೋ ಆರಿಸಿ ಕಡ್ಡಿ ಮಡಚಿದರು. ಬೈದಿದ್ದರೆ ಒಳ್ಳೆಯದಿತ್ತು. ನಾನೇ ಗಾಬರಿಯಾಗಿ ಮೊಬೈಲು ತೆಗೆದು, "ಇರಿ ಮಾವ, ಇದರಲ್ಲಿ ಇರುತ್ತೆ, ಈಗಲೇ ನೋಡಿ ಹೇಳ್ತೀನಿ" ಎಂದೆ.

"ಅದು ಬರ್ದಿರೋದು ಕಣವ್ವ. ಯಾರು ಬೇಕಾದ್ರೂ ಬರೀತಾರೆ. ಏಳ್ಬೇಕು. ಒಬ್ಬ ಮನ್ಸ ಬಾಯ್ಬುಟ್ಟು ಏಳಿದ್ರೆ ಅದು ಲೆಕ್ಕ" ಎಂದು ಎದ್ದು ಹೋದರು.

ಎದ್ದು ಹೋದವರು ಮಧ್ಯಾಹ್ನವಾದರೂ ಇಲ್ಲ. ಕಾಲೇಜಿನಿಂದ ಬಂದ ಮಗಳು ಅವರ ಫೋನಿಗೆ ಮಾಡಿದರೆ ಅದು ಅವರ ದಿಂಬಿನ ಕೆಳಗೇ ಹೊಡೆದುಕೊಳ್ಳುತ್ತಿತ್ತು. ಜೊತೆಯಲ್ಲಿಟ್ಟುಕೊಂಡರೆ ರೇಡಿಯೋ ಗುಂಯ್ ಅನ್ನುತ್ತದೆ ಅಂತ ಅವರು ಅದನ್ನು ಮುಟ್ಟುವುದೇ ಇಲ್ಲ. ಯಜಮಾನರು ಕಂಬ ಬಿಟ್ಟು ಶಿಂಷಾ ಸೇತುವೆಯವರೆಗೆ ಹುಡುಕಿಕೊಂಡು ಬಂದರು. ನಾನು ಕಚೇರಿಯಲ್ಲಿ ಕೂತು ಊರಿನಲ್ಲಿರುವ ದೇವರಿಗೆಲ್ಲ ಹರಕೆ ಹೊತ್ತೆ. ಸಂಜೆ ಆರಕ್ಕೆ, ಪಂಚೆ ಮೊಣಕಾಲಿನವರೆಗೆ ನೆನೆದು, ಟವೆಲನ್ನು ತಲೆಗೆ ಸುತ್ತಿಕೊಂಡು ದೊಡ್ಡಮಾವ ಬಂದರು. ಮೂರು ಬಸ್ಸು ಬದಲಾಯಿಸಿ ಕನ್ನಂಬಾಡಿ ಕಟ್ಟೆಗೇ ಹೋಗಿ, ಅಲ್ಲಿ ಕಾವಲಿಗಿದ್ದವನನ್ನು ಕೇಳಿ, ಅವನು ಬಾಯಿಬಿಟ್ಟು ಹೇಳಿದ ಮೇಲೆ ವಾಪಸು ಬಂದಿದ್ದರು! ಬೆಳಗಿನಿಂದ ಏನೂ ತಿಂದಿರಲಿಲ್ಲ. ಕಾಲು ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತು, "ನಾಕಡಿ ಏರ್ಯದೆ ಕಣವ್ವ. ಈಗ ಇಕ್ಕು" ಎಂದರು. ಅವತ್ತಿನಿಂದ ನಾನು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತೇನೆ.

ಪಡುವಲ ಮನೆಯ ನಿವೃತ್ತ ಡ್ರಿಲ್ ಮೇಷ್ಟರ ಮೇಲೂ ಈ ಶಾಸ್ತ್ರದ ಪ್ರಯೋಗ ನಡೆಯಿತು. ಅವರ ಮನೆ ಮೈಸೂರಿನ ದಿಕ್ಕಿಗಿದೆ, ನಮ್ಮದು ಅದರ ಆಚೆ. ಅಂದರೆ ನಾಲೆಯ ಲೆಕ್ಕದಲ್ಲಿ ಅವರು ಮೇಲಿನವರು, ನಾವು ಕೆಳಗಿನವರು. ದೊಡ್ಡಮಾವ ಹೋಗಿ ಸರದಿ ಕೇಳಿದರು.

"ಮೇಷ್ಟ್ರೇ, ನೀವು ಟಿವಿ ಆಕ್ಕಂಡು ಎಲ್ಲಾನೂ ಈರ್ಕಬುಟ್ರೆ ಕೆಳ್ಗಡೆಯೋರು ಏನ್ ಮಾಡ್ಬೇಕು? ಒಂದತ್ತು ನಿಮಿಸ ಬುಡಿ ನಮ್ಗೆ."

"ನಮ್ಮ ಟಿವಿ ನಿಮ್ಮ ರೇಡಿಯೋನ ಕುಡಿಯುತ್ತೇನ್ರೀ ಸೌಡಿಗಳೇ?"

"ಕುಡೀದೆ ಇನ್ನೇನು? ನಿಮ್ದು ನಲವತ್ತಿಂಚು, ನಮ್ದು ಬೆರಳುದ್ದ!"

ಮೇಷ್ಟರು ನಕ್ಕು ನಕ್ಕು, ಆಯಿತು ಅಂತ ಹತ್ತು ನಿಮಿಷ ಟಿವಿ ಆರಿಸಲು ಒಪ್ಪಿದರು. ಒಪ್ಪಿದವರು ಮೂರನೆಯ ದಿನದಿಂದ ಏಳು ಗಂಟೆಗೆ ಸರಿಯಾಗಿ ನಮ್ಮ ಅಡುಗೆಮನೆಯ ಕಿಟಕಿಗೆ ಮುಖ ಹಚ್ಚಿ, "ಎಷ್ಟದೆ ಸೌಡಿಗಳೇ ಇವತ್ತು?" ಎಂದು ಕೇಳತೊಡಗಿದರು. ಟಿವಿ ಆರಿಸಿ ಸುಮ್ಮನೆ ಕೂರಲು ಬೇಜಾರಂತೆ. ನನ್ನ ಅಡುಗೆಮನೆಯಲ್ಲಿ ಇದ್ದ ಒಬ್ಬರು ಸಾಲದೆ ಕಿಟಕಿಗೊಬ್ಬರು! ಅವರಿಗೂ ಒಂದು ಲೋಟ ಕಾಫಿ.

ಇಷ್ಟೆಲ್ಲ ತಡೆದುಕೊಳ್ಳಬಹುದಿತ್ತು, ಏಳು ಗಂಟೆಗೆ ಅವರು ಎದ್ದು ಹೋಗಿದ್ದರೆ. ಹೋಗುತ್ತಿರಲಿಲ್ಲ. ವಾರ್ತೆ ಮುಗಿದರೂ ಆ ಸ್ಟೂಲು ಬಿಡುತ್ತಿರಲಿಲ್ಲ. ಒಲೆಗೂ ಸಿಂಕಿಗೂ ನಡುವೆ ನಾನು ಓಡಾಡುವ ದಾರಿಯಲ್ಲೇ ಕಾಲು ಚಾಚಿ ಕೂತು, ಯಾವುದೋ ಗೊರಗೊರವನ್ನು ತಿರುಗಿಸುತ್ತಾ ತಿರುಗಿಸುತ್ತಾ ಇರುತ್ತಿದ್ದರು. ಮಗಳಿಗೆ ಡಬ್ಬಿ ಕಟ್ಟಬೇಕು, ಯಜಮಾನರಿಗೆ ತಿಂಡಿ ಕೊಡಬೇಕು, ಪಾತ್ರೆ ತೊಳೆಯಬೇಕು, ಪ್ರತಿಯೊಂದಕ್ಕೂ ಅವರ ಕಾಲು ದಾಟಬೇಕು.

"ಮಾವ, ಆಯ್ತಲ್ಲ ವಾರ್ತೆ. ತಿಂಡಿ ಕೊಡ್ಲಾ?"

"ಈಗ್ಲೇ ಬ್ಯಾಡ. ಇನ್ನೂ ವಸಿ ಇಡೀತಾ ಅದೆ."

ಏನು ಹಿಡಿಯುತ್ತಿದೆ? ಯಾವುದೋ ರಾಜ್ಯದ ಯಾವುದೋ ಭಾಷೆಯ ಕೆಮ್ಮು! ನಾನು ರೋಸಿಹೋಗಿ, ಇವರ ಮುಂದೆ ಎಷ್ಟು ಹೊತ್ತು ನಿಲ್ಲುವುದು ಅಂತ ಎರಡು ಇಡ್ಲಿಯನ್ನು ನಿಂತುಕೊಂಡೇ ನುಂಗಿ ತಟ್ಟೆಯನ್ನು ಸಿಂಕಿಗೆ ಎಸೆಯುತ್ತಿದ್ದೆ. ಆಗ ನೋಡಿ ಅವರ ವರಸೆ. ನನ್ನ ತಟ್ಟೆ ಸಿಂಕಿಗೆ ಬಿದ್ದು ಠಣ್ ಅಂದದ್ದೇ ತಡ, ರೇಡಿಯೋ ಟಕ್ ಅಂತ ಆಫ್! ಕಡ್ಡಿ ಮಡಚಿ, ಜೇಬಿಗೆ ಹಾಕಿಕೊಂಡು, "ಈಗ ಇಕ್ಕು ನಂಗೆ" ಅನ್ನುವರು. ನಾನು ರೈಲಿಗೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಅವರಿಗೆ ಹಸಿವು. ಇದು ಬೇಕೆಂದೇ ಮಾಡುವ ಕಾಟವಲ್ಲದೆ ಇನ್ನೇನು? ಹನಕೆರೆ ದಾಟುವವರೆಗೂ ರೈಲಿನಲ್ಲಿ ನಾನು ಅವರನ್ನು ಮನಸ್ಸಿನಲ್ಲೇ ಬೈಯುತ್ತಾ ಹೋಗುತ್ತಿದ್ದೆ. ಆಮೇಲೆ ಬೈಯಲೂ ಸುಸ್ತಾಗಿ ನಿದ್ದೆ ಬರುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಮಾವ, ಕೆಲಸ ಬಿಟ್ಟು ಇಷ್ಟು ವರ್ಷವಾಯಿತು. ಇವತ್ತು ಕಟ್ಟೆ ತುಂಬಿದರೇನು, ಬರಿದಾದರೇನು, ನಿಮಗೆ ಯಾಕೆ?"

ಅವರಿಗೆ ಅದು ಪ್ರಶ್ನೆ ಅನ್ನಿಸಲೇ ಇಲ್ಲ. ಅವರ ಪಾಡಿಗೆ ಅವರು ನಾಲೆಯ ಮಾತು ತೆಗೆದರು. "ಮೇಲ್ಗಡೆ ಗದ್ದೆಯೋನು ಕೂಗ್ತಾನೆ, ಜಗಳಕ್ಕೆ ಬತ್ತಾನೆ, ನೀರು ತಕಂಡೇ ಓಯ್ತಾನೆ. ಅವನ ಚಿಂತೆ ಮಾಡ್ಬಾರ್ದು. ಕೊನೆ ಗದ್ದೆಯೋನು ಕೂಗಲ್ಲ ಕಣವ್ವ. 'ನಿಂದು ಆಯ್ತೇನಪ್ಪ' ಅಂತ ಕೇಳಿದ್ರೆ, 'ಆಯ್ತು ಬುಡಿ' ಅಂತಾನೆ. ಆಯ್ತು ಬುಡಿ ಅಂದ ಅಂದ್ರೆ ಆಗಿಲ್ಲ ಅಂತ ತಿಳ್ಕಬೇಕು. ಕೊನೆ ಗದ್ದೆ ನೆನೆಯೋಗಂಟ ಸೌಡಿ ಆದೋನು ಬುತ್ತಿ ಬಿಚ್ಬಾರ್ದು. ನಾನು ಬಿಚ್ಚಿಲ್ಲ, ಒಂದು ದಿನಾನೂವೆ."

ಕೇಳಿದ್ದು ಒಂದು, ಹೇಳಿದ್ದು ಒಂದು. ನಾನು ಪಾತ್ರೆ ಉಜ್ಜುತ್ತಾ ಹೂಂಗುಟ್ಟಿದೆ.

ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಉಪಾಯ ಅನ್ನುವುದು ಮರ್ಯಾದೆಯ ಮಾತು, ಕುತಂತ್ರ ಅನ್ನಿ. ನೆಂಟರ ಮದುವೆ, ಬೀಗರೂಟ ಅಂತ ದೊಡ್ಡಮಾವ ಎರಡು ದಿನ ಚಿಕ್ಕರಸಿನಕೆರೆಗೆ ಹೋದರು. ಆ ಎರಡು ದಿನದಲ್ಲಿ ನಾನು ಒಲೆಯ ಮೇಲೆ ಕರೆಂಟಿನ ಚಿಮಣಿ ಹಾಕಿಸಿದೆ. ಅದರ ದಪ್ಪನೆಯ ಕೊಳವೆ ಹೊರಗೆ ಹೋಗಬೇಕಲ್ಲ, ಎಲ್ಲಿಂದ? ಕಿಟಕಿಯಿಂದ! ಫಿಟ್ಟಿಂಗ್ ಮಾಡಲು ಬಂದವನು, "ಕಿಟಕಿಯ ಉಳಿದ ಜಾಗಕ್ಕೆ ಗಾಜು ಹಾಕಲಾ ಮೇಡಂ, ತಗಡು ಹಾಕಲಾ?" ಎಂದು ಕೇಳಿದ. "ತಗಡೇ ಹಾಕಪ್ಪ, ಗಟ್ಟಿಯಾಗಿ" ಎಂದೆ. ನಾನು ಏನು ಹೇಳುತ್ತಿದ್ದೇನೆ ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು.

ದೊಡ್ಡಮಾವ ಬಂದರು. ಮಾರನೆಯ ಬೆಳಿಗ್ಗೆ ಆರೂಮುಕ್ಕಾಲಿಗೆ ಸ್ಟೂಲು ಎಳೆದುಕೊಂಡು ಕೂರಲು ಹೋದವರು ನಿಂತೇಬಿಟ್ಟರು. ತಗಡಿನ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಸವರಿದರು.

"ತೂಬು ಮುಚ್ಚುಸ್ದ್ಯಾ ಅವ್ವ?"

"ಹೊಗೆ ಮಾವ... ಗೋಡೆ ಎಲ್ಲ ಜಿಡ್ಡು ಆಗ್ತಿತ್ತು. ಅದಕ್ಕೇ..."

"ಆಯ್ತು ಬುಡು" ಎಂದರು.

ಮೂರು ದಿನ ಅವರು ರೇಡಿಯೋ ಹಿಡಿದು ಹಳೆಯ ಚಾಕ್‌ಪೀಸಿನ ಗುರುತುಗಳ ಜಾಗವನ್ನೆಲ್ಲ ಮತ್ತೆ ಸುತ್ತಿದರು. ಹಜಾರ, ರೂಮು, ದೇವರ ಮನೆ, ಬಚ್ಚಲು. ಎಲ್ಲ ಕಡೆ ಗೊರಗೊರ. ಹೊರಗೆ ಕಾಂಪೌಂಡಿನಲ್ಲಿ ಕೂತು ಕೇಳಿ ದೊಡ್ಡಪ್ಪ, ಅಲ್ಲಿ ಚೆನ್ನಾಗಿ ಹಿಡಿಯುತ್ತೆ ಅಂತ ಯಜಮಾನರು ಹೇಳಿದರು. "ಆಚೆ ಕೂತ್ಕಂಡು ಏನ್ಲಾ ಮಾಡ್ಲಿ?" ಅಂದರು, ಕೂರಲಿಲ್ಲ. ಆಹಾ, ಎಂಥ ಹಠ ನೋಡಿ, ಮನೆಯೊಳಗೇ ಬೇಕು ಇವರಿಗೆ ಅಂದುಕೊಂಡೆ. ನಾಲ್ಕನೆಯ ದಿನ ಟ್ರಂಕು ಹೊರಗೆ ಬಂತು. ಮಳವಳ್ಳಿಯಲ್ಲಿ ಅವರ ತಂಗಿಯ ಮಗಳ ಮನೆಯಿದೆ, ಹೆಂಚಿನ ಮನೆ. "ಅಲ್ಲಿ ಇಡೀತದಂತೆ. ಒಂದಷ್ಟು ದಿವ್ಸ ಇದ್ಬುಟ್ಟು ಬತ್ತೀನಿ" ಅಂತ ಹೊರಟರು. ಬಾಗಿಲ ಹತ್ತಿರ ನಿಂತು ಒಮ್ಮೆ ಅಡುಗೆಮನೆಯ ಕಡೆ ನೋಡಿ, ಚಪ್ಪಲಿ ಮೆಟ್ಟಿಕೊಂಡರು.

ಗೆದ್ದೆ! ಮಾರನೆಯ ದಿನ ಸರಿಯಾಗಿ ಆರೂ ಐವತ್ತಕ್ಕೆ ಮಿಕ್ಸಿ ಹಾಕಿದೆ. ಬೇಕಿಲ್ಲದಿದ್ದರೂ ಎರಡು ಸುತ್ತು ಹೆಚ್ಚಿಗೆ ತಿರುಗಿಸಿದೆ. ಕುಕ್ಕರನ್ನು ಅಟ್ಟದಿಂದ ಇಳಿಸಿ ಮೂರು ಸಲ ಕೂಗಿಸಿದೆ. ಬಲ್ಬು ಝಗಝಗ. ಓಡಾಡುವ ದಾರಿಯಲ್ಲಿ ಯಾರ ಕಾಲೂ ಇಲ್ಲ. ಮಗಳ ಡಬ್ಬಿ ಆಯಿತು, ಯಜಮಾನರ ತಿಂಡಿ ಆಯಿತು, ಪಾತ್ರೆ ಆಯಿತು, ಇನ್ನೊಂದಿಷ್ಟು ಬಟ್ಟೆ ನೆನೆಸಿದ್ದೂ ಆಯಿತು. ಆರಾಮಾಗಿ ಎಂಟರ ರೈಲು ಹಿಡಿದೆ. ಇಷ್ಟು ವರ್ಷದಲ್ಲಿ ಇದೇ ಮೊದಲು ನನ್ನ ಬೆಳಗು ನನ್ನದಾಗಿತ್ತು. ಆದರೂ ಯಾಕೋ ಆ ವಾರವೆಲ್ಲ ಮೈಯಲ್ಲಿ ಒಂದು ಥರ ನಿಶ್ಶಕ್ತಿ. ಶುಕ್ರವಾರ ಕಚೇರಿಯಲ್ಲಿ ಫೈಲು ತೆಗೆಯಲು ಎದ್ದವಳಿಗೆ ಕಣ್ಣು ಕತ್ತಲೆ ಬಂದು, ಕಪಾಟು ಹಿಡಿದುಕೊಂಡು ನಿಂತೆ. ಪಕ್ಕದ ಸೀಟಿನವಳು ನೀರು ಕೊಟ್ಟು, "ಬೆಳಿಗ್ಗೆ ಏನು ತಿಂದ್ರಿ ಅಕ್ಕ?" ಎಂದಳು. ಯೋಚನೆ ಮಾಡಿದೆ. ಎಷ್ಟು ಯೋಚನೆ ಮಾಡಿದರೂ ಏನು ತಿಂದೆ ಅಂತ ನೆನಪಾಗಲಿಲ್ಲ. ವಯಸ್ಸಾಯಿತು, ಮರೆವು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಏಳಾಗಿ ಸ್ವಲ್ಪ ಹೊತ್ತಿಗೆ ಮಳವಳ್ಳಿಯಿಂದ ಫೋನು. ಆ ತಂಗಿಯ ಮಗಳದು.

"ಅಕ್ಕ, ಈ ಮಾವನ ಕಾಟ ತಡಿಯಕ್ಕಾಗ್ತಿಲ್ಲ ಕಣಕ್ಕ!"

ನನಗೆ ಒಳಗೊಳಗೇ ಖುಷಿಯಾಯಿತು. "ಯಾಕೆ, ಅಲ್ಲೂ ಹಿಡೀತಿಲ್ವಾ?"

"ಇಡೀದೆ ಏನು? ಅಜಾರದಲ್ಲಿ ಇಡೀತದೆ, ರೂಮಲ್ಲಿ ಇಡೀತದೆ, ಬಚ್ಚಲಲ್ಲೂ ಇಡೀತದೆ! ಕಟ್ಟೆ ನೀರು ಏಳಿದ್ದೂ ಆಯ್ತು. ಆದ್ರೂ ಉಣ್ಣಲ್ಲ ಅಂತಾರೆ. ಬಂದಾಗ್ಲಿಂದ ಮಧ್ಯಾನ್ನದ ಗಂಟ ಬಾಯಿಗೆ ಏನೂ ಆಕಲ್ಲ. ನಿಂದಾಯ್ತಾ ಅಂತ ನನ್ನ ಕೇಳ್ತಾರೆ, ಆಯ್ತು ಅಂದ್ರೆ, ನಿಂದು ಸರಿ, ಮದ್ದೂರಿಂದು ಗೊತ್ತಾಗ್ಲಿಲ್ಲ ಅಂತಾರೆ. ಮದ್ದೂರಿಂದು ಏನಕ್ಕ ಅದು? ಇವತ್ತು ಫೋನ್ ಮಾಡ್ಕೊಡು ಅಂತ ಕೂತವ್ರೆ. ತಕೋ, ಕೊಡ್ತೀನಿ."

ದೊಡ್ಡಮಾವ ಫೋನಿಗೆ ಬಂದರು. ಹಿಂದೆ ರೇಡಿಯೋ ಎಷ್ಟು ಸ್ವಚ್ಛವಾಗಿ ಕೇಳುತ್ತಿತ್ತೆಂದರೆ, ಅದರಲ್ಲಿ ಮಾತಾಡುತ್ತಿದ್ದವರು ಮಳವಳ್ಳಿಯ ಆ ಮನೆಯಲ್ಲೇ ಕೂತಿದ್ದಾರೇನೋ ಅನ್ನಿಸಿತು. ಅವರು ಫೋನಿನಲ್ಲಿ ಮಾತಾಡುವುದೆಂದರೆ ನಾಲೆಯ ಈ ದಡದಿಂದ ಆ ದಡಕ್ಕೆ ಕೂಗುವುದು.

"ಅವ್ವಾ! ಕೊನೆ ಗದ್ದೆ ಆಯ್ತಾ?"

"ಯಾವ ಗದ್ದೆ ಮಾವ? ನಮಗೆಲ್ಲಿದೆ ಗದ್ದೆ?"

ಅವರಿಗೆ ಅಭ್ಯಾಸವಿಲ್ಲದ ಸಣ್ಣ ದನಿಯಲ್ಲಿ, "ನೀನು ತಿಂದ್ಯಾ ಅಂದೆ ಕಣವ್ವ" ಎಂದರು.

ನಾನು ಅಡುಗೆಮನೆಯ ನಡುವೆ ನಿಂತಿದ್ದೆ. ಆ ಖಾಲಿ ಸ್ಟೂಲು ಕಣ್ಣಿಗೆ ಬಿತ್ತು. ಯಜಮಾನರದು ಆಗಿತ್ತು, ಮಗಳದು ಆಗಿತ್ತು, ಪಾತ್ರೆಯಲ್ಲಿ ಇಡ್ಲಿ ಹಾಗೇ ಇತ್ತು. ನಿನ್ನೆಯೂ ಹೀಗೇ ಇತ್ತು, ಮೊನ್ನೆಯೂ. ತಡೆಯಲು ಕಾಲಿರಲಿಲ್ಲವಲ್ಲ, ಸೀದಾ ರೈಲಿಗೆ ಓಡಿದ್ದೆ. ನನ್ನ ತಟ್ಟೆ ಠಣ್ ಅನ್ನುವುದು, ರೇಡಿಯೋ ಟಕ್ ಅನ್ನುವುದು, "ಈಗ ಇಕ್ಕು ನಂಗೆ" ಅನ್ನುವುದು, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂತು. ಮೂರು ವರ್ಷ ನಾನು ಬೈದದ್ದೂ ನೆನಪಿಗೆ ಬಂತು. ಏನಾದರೂ ಹೇಳಬೇಕಲ್ಲ ಅಂತ ಬಾಯಿಗೆ ಬಂದದ್ದು ಹೇಳಿದೆ.

"ಆಯ್ತು ಬಿಡಿ ಮಾವ."

"ಅಂಗಾರೆ ಆಗಿಲ್ಲ" ಎಂದರು ದೊಡ್ಡಮಾವ. "ಫೋನು ಅಲ್ಲೇ ಮಡಗು. ಕೂತ್ಕಂಡು ತಿನ್ನು. ನಾನು ಇಲ್ಲೇ ಇರ್ತೀನಿ."

ಫೋನನ್ನು ಒಲೆಯ ಕಟ್ಟೆಯ ಮೇಲೆ ಇಟ್ಟು, ಅವರ ಸ್ಟೂಲಿನ ಮೇಲೆ ಕೂತು, ತಣ್ಣಗಾಗಿದ್ದ ಮೂರು ಇಡ್ಲಿ ತಿಂದೆ. ಅಳು ಬರುತ್ತಿತ್ತು, ತಡೆಯಲಿಲ್ಲ. ಅತ್ತ ಕಡೆ ರೇಡಿಯೋದಲ್ಲಿ ಯಾರೋ ಭತ್ತದ ಸಸಿಮಡಿಗೆ ಬೀಜ ಹದ ಮಾಡುವುದನ್ನು ಹೇಳುತ್ತಿದ್ದರು. ತಿಂದು ಮುಗಿಸಿ ಎದ್ದು ತಟ್ಟೆಯನ್ನು ಸಿಂಕಿಗೆ ಹಾಕಿದೆ. ಠಣ್ ಅಂತು.

ಫೋನಿನಲ್ಲಿ, ಮಳವಳ್ಳಿಯಲ್ಲಿ, ರೇಡಿಯೋ ಟಕ್ ಅಂತ ನಿಂತಿತು.

ಭಾನುವಾರ ಚಿಮಣಿ ಕಳಚಿಸಿದೆ. ನಿನಗೆ ತಲೆ ಸರಿ ಇದೆಯಾ ಅಂತ ಯಜಮಾನರು ಕೇಳಿದರು. ತಗಡು ಕಿತ್ತು ಆಚೆ ಹಾಕಿ, ಮಳವಳ್ಳಿಗೆ ಹೋಗಿ ದೊಡ್ಡಪ್ಪನನ್ನು ಕರೆದುಕೊಂಡು ಬನ್ನಿ ಎಂದೆ. ಈಗ ಮತ್ತೆ ನಮ್ಮ ಮನೆಯಲ್ಲಿ ಆರೂವರೆಗೇ ಚಟ್ನಿ, ಕತ್ತಲಲ್ಲೇ ಒಗ್ಗರಣೆ, ಕಿಟಕಿಯಲ್ಲಿ ಮೇಷ್ಟರು, ಕಿವಿ ತುಂಬ ಗೊರಗೊರ. ದಾರಿಗಡ್ಡ ಕಾಲು ಹಾಗೇ ಇದೆ, ದಿನಕ್ಕೆ ಹತ್ತು ಸಲ ಎಡವುತ್ತೇನೆ, ಬೈದುಕೊಳ್ಳುತ್ತೇನೆ. ರೈಲು ಒಂದೊಂದು ದಿನ ತಪ್ಪುತ್ತದೆ, ಆಗ ಬಸ್ಸಿಗೆ ಹೋಗುತ್ತೇನೆ. ಸ್ಟೂಲು ಮಾತ್ರ ಈಗ ಎರಡು ಇವೆ. ನಾನು ಕೂತುಕೊಂಡು ತಿನ್ನುತ್ತೇನೆ.